ನಾನು ಮುಚ್ಚಿದ ಕಚ್ಚುಗಳು

ಕಳೆದ ತಿಂಗಳು ನಮ್ಮ ಹಿತ್ತಿಲ ಬಾಗಿಲಿನ ಚೌಕಟ್ಟು ಸರಿಮಾಡಿಸಲು ಬಡಗಿಯೊಬ್ಬನನ್ನು ಕರೆಸಿದ್ದೆ. ಹಳೇ ಚಿಲಕ ಕಿತ್ತ ಜಾಗದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ಆತ ಅದೇ ಚೌಕಟ್ಟನ್ನು ಉಜ್ಜಿದಾಗ ಉದುರಿದ ಮರದ ಹುಡಿಯನ್ನು ಒಂದು ತಗಡಿನ ಮೇಲೆ ಗುಡ್ಡೆ ಮಾಡಿಕೊಂಡು, ಗೋಂದು ಬಿಟ್ಟು ಕಲಸಿ, ತೂತಿಗೆ ತುರುಕಿದ. ಒಣಗಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿ ನನ್ನನ್ನು ಕರೆದ.

“ಕೈ ಇಟ್ ನೋಡಿ ಸಾರ್. ಇಲ್ಲೊಂದ್ ತೂತಿತ್ತು ಅಂತ ಯಾರಿಗಾದ್ರೂ ಏಳಿ, ನಿಮ್ಗೇ ತಲೆ ಕೆಟ್ಟೈತೆ ಅಂತಾರೆ!”

ಆತ ಹೆಮ್ಮೆಯಿಂದ ನಕ್ಕ. ನನಗೆ ನಗು ಬರಲಿಲ್ಲ. ಹಸಿ ಗೋಂದು, ಬಿಸಿಯಾದ ಮರದ ಹುಡಿ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ನನ್ನ ಹೆಂಡತಿ ಮಂಜುಳ ಬಂದು ಬಿಸಿಲು ಹತ್ತಿತಾ ಎಂದು ಕೇಳಿದಳು. ಹೌದು ಎಂದೆ. ಆರು ವರ್ಷದಿಂದ ಇಂಥ ಸಣ್ಣಪುಟ್ಟ ಸುಳ್ಳುಗಳು ನನಗೆ ಸಲೀಸಾಗಿಬಿಟ್ಟಿವೆ.

ನಾನು ಬಂಗಾರಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರುಗಳು ಸುಟ್ಟುಹೋದರೆ ನನ್ನಲ್ಲಿಗೆ ಬರುತ್ತವೆ. ಕರಿಬಿದ್ದ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವುದು ಹೊಟ್ಟೆಪಾಡು. ಹುಚ್ಚು ಬೇರೆ ಇದೆ. ಇಪ್ಪತ್ತರ ಹರೆಯದಲ್ಲಿ ಮದುವೆ, ಗಣೇಶನ ಪೆಂಡಾಲುಗಳಿಗೆ ಹೋಗುವ ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ಹಿಡಿದವನು ಇನ್ನೂ ಬಿಟ್ಟಿಲ್ಲ. ನಾಲ್ಕೇ ದಪ್ಪ ತಂತಿ ಅದಕ್ಕೆ. ಹಾಡುವವರನ್ನು ಎಲ್ಲರೂ ನೋಡುತ್ತಾರೆ, ಕೀಬೋರ್ಡಿನವನನ್ನೂ ನೋಡುತ್ತಾರೆ, ಬೇಸಿನವನು ಪರದೆಯ ಪಕ್ಕದಲ್ಲೆಲ್ಲೋ ನಿಂತಿರುತ್ತಾನೆ. ಆದರೆ ಅವನು ಒಂದು ಕ್ಷಣ ಕೈ ತೆಗೆದರೆ ಹಾಡಿನ ಕಾಲ ಕೆಳಗಿನ ನೆಲ ಜಾರಿದ ಹಾಗಾಗುತ್ತದೆ. ನನಗೆ ಅದೇ ಇಷ್ಟ.

ಬಾರಿಸುವುದಕ್ಕಿಂತ ರಿಪೇರಿಯ ಚಟ ಹೆಚ್ಚಾಯಿತು. ಕತ್ತು ಬಗ್ಗಿದ್ದು, ಮೈ ಸೀಳಿದ್ದು, ಬಣ್ಣ ಎದ್ದಿದ್ದು, ಯಾವುದೇ ಹಳೇ ಬೇಸ್ ಎಲ್ಲೇ ಇದೆ ಅಂದರೂ ಓಡುತ್ತಿದ್ದೆ. ತಂದು ಸರಿಮಾಡಿ, ನನಗೆ ತೋಚಿದ್ದನ್ನು ಬದಲಾಯಿಸಿ, ಇನ್ನೊಬ್ಬರ ಬೇಸಿನ ಜೊತೆ ಅದಲುಬದಲು ಮಾಡಿಕೊಳ್ಳುತ್ತಿದ್ದೆ. ಬೆಂಗಳೂರು, ಹೊಸೂರು, ವೆಲ್ಲೂರು ಕಡೆಯ ನನ್ನಂಥ ಹುಚ್ಚರದೇ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನಾನು ಹಾಕಿದ ಫೋಟೋಗಳ ಕೆಳಗೆ ಹೆಬ್ಬೆರಳು, ಚಪ್ಪಾಳೆ ಸಾಲಾಗಿ ಬರುತ್ತಿದ್ದವು. ಗಾಯವೇ ಗೊತ್ತಾಗದ ಹಾಗೆ ಮುಚ್ಚುತ್ತಾನೆ ಎಂದು ನನಗೆ ಹೆಸರು. ಆ ಹೆಸರಿಗೆ ನನ್ನ ತಲೆಯ ಮೇಲೆ ಎರಡು ಕೊಂಬು ಬಂದಿದ್ದವು.

ಆರು ವರ್ಷದ ಹಿಂದೆ, ಕಾರ್ತೀಕ ಪೂರ್ತಿ ಜಿಟಿಜಿಟಿ ಮಳೆ. ನಮ್ಮ ಸೀಮೆಗೆ ಮಳೆ ಅಂದರೆ ಅಪರೂಪದ ನೆಂಟ, ಆದರೆ ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ಮಾತ್ರ ವಾರಗಟ್ಟಲೆ ಹೋಗದೆ ಕೂತುಬಿಡುತ್ತದೆ. ಮೋಟರಿಗೆ ಬಳಿದ ವಾರ್ನಿಷ್ ಒಣಗುತ್ತಿರಲಿಲ್ಲ. ಅಂಥದೊಂದು ಮಧ್ಯಾಹ್ನ ಅಂಗಡಿಗೆ ಸ್ಟೆಲ್ಲಾ ಬಂದಳು. ಆಂಡರ್ಸನ್‌ಪೇಟೆಯಲ್ಲಿ ಮುಚ್ಚಿದ ಚಿನ್ನದ ಗಣಿಗಳ ಪಕ್ಕ, ಅವಳದು ಟೈಲರಿಂಗ್ ಅಂಗಡಿ. ಹೊಲಿಗೆ ಮಿಷಿನ್ನಿನ ಮೋಟರ್ ಸುಟ್ಟಿತ್ತು, ಅಲ್ಲಿನ ಇಬ್ಬರು ಮೆಕ್ಯಾನಿಕ್ಕುಗಳು ಆಗುವುದಿಲ್ಲ ಎಂದು ಕೈಚೆಲ್ಲಿದ್ದರಂತೆ. ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾ ಗೋಡೆಯ ಮೇಲೆ ನೇತುಹಾಕಿದ್ದ ಬೇಸುಗಳನ್ನು ನೋಡಿದಳು.

“ಅಯ್ಯೋ ಅಣ್ಣಾ, ನಮ್ಮಪ್ಪನತ್ರ ಇಂತದೇ ಒಂದೈತೆ. ಗರಗರ ಅಂತೈತಂತೆ, ಕ್ರಿಸ್ಮಸ್‌ಗೆ ಬಾರಿಸ್ಬೇಕು ಅಂತ ದಿನಾ ನನ್ ತಲೆ ತಿಂತವ್ರೆ. ನೀವ್ ನೋಡ್ತೀರಾ?”

“ಯಾವ ಕಾಲದ್ದಮ್ಮಾ?” ಎಂದೆ.

“ನಾನ್ ಉಟ್ಟೋಕ್ ಮುಂಚಿನ್ದು. ಗಣಿ ಆಫೀಸರ್ ಒಬ್ರು ಫಾರಿನ್‌ಗೆ ಓಗೋವಾಗ ಕೊಟ್ಟೋಗಿದ್ದು. ಜಪಾನ್‌ದು ಅಂತಾರೆ ಅಪ್ಪ.”

ಜಪಾನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಂದಿನ ಭಾನುವಾರ ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ.

ಅವರ ಮನೆ ನಂದಿದುರ್ಗದಲ್ಲಿ, ಗಣಿ ಕೆಲಸದವರಿಗೆ ಕಟ್ಟಿಸಿದ್ದ ಲೈನಿನಲ್ಲಿ. ಒಂದಕ್ಕೊಂದು ಅಂಟಿದ ತಗ್ಗು ಮನೆಗಳು, ಮೇಲೆ ಶೀಟು, ಎದುರಿಗೆ ಬಟ್ಟೆ ಒಣಹಾಕಿದ ತಂತಿ, ಅದರಾಚೆ ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬ. ಅರುಳಪ್ಪನವರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ, ಒಣಗಿದ, ಆದರೆ ಭುಜ ಬಗ್ಗದ ಮನುಷ್ಯ. ಸುರಂಗದೊಳಗೆ ಮೇಲಿನ ಕಲ್ಲು ಕುಸಿಯದ ಹಾಗೆ ಮರದ ಕಂಬ ಕೊಟ್ಟು ನಿಲ್ಲಿಸುವ ಕೆಲಸದಲ್ಲಿ ಗಣಿ ಮುಚ್ಚುವ ತನಕ ಇದ್ದವರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಬರೀ ನೆರಳು ತೋರಿಸುತ್ತಿತ್ತು.

“ವಾ ತಂಬಿ, ಬಾ. ಕೂತ್ಕೊ, ಟೀ ಮಾಡ್ತೀನಿ,” ಎಂದರು.

“ನೀವ್ಯಾಕೆ ತಾತ, ಬೇಡ,” ಎಂದೆ.

“ಯಾಕೆ, ಕಣ್ಣಿಲ್ಲ ಅಂತಾನಾ? ಮೂವತ್ ವರ್ಷ ಕತ್ತಲಲ್ಲೇ ಕೆಲ್ಸ ಮಾಡ್ದೋನಿಗೆ ಕಣ್ಣು ಯಾತಕ್ಕಪ್ಪಾ?”

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಲೆಯಿಂದ ಎರಡು ಗೇಣು ಬಲಕ್ಕೆ ಕೈ ಹೋಯಿತು, ಬೆಂಕಿಪೊಟ್ಟಣ ಸಿಕ್ಕಿತು. ಮೇಲಿನ ಹಲಗೆಯ ಮೂರನೆಯ ಡಬ್ಬಿ ಟೀ ಪುಡಿ, ನಾಲ್ಕನೆಯದು ಸಕ್ಕರೆ. ಶುಂಠಿ ಜಜ್ಜಿ ಹಾಕಿದರು. ಲೋಟಕ್ಕೆ ಬಗ್ಗಿಸುವಾಗ ಹೆಬ್ಬೆರಳನ್ನು ಲೋಟದ ಬಾಯೊಳಗೆ ಇಟ್ಟುಕೊಂಡು, ಉಗುರಿಗೆ ಬಿಸಿ ತಗುಲಿದ ಕೂಡಲೇ ನಿಲ್ಲಿಸಿದರು. ಒಂದು ಹನಿ ಆಚೆ ಚೆಲ್ಲಲಿಲ್ಲ. ಹಾಲಿಲ್ಲದ ಆ ಟೀ ಬಹಳ ಚೆನ್ನಾಗಿತ್ತು, ಹಾಗೆಂದು ಹೇಳಿದ್ದಕ್ಕೆ ಮಗುವಿನ ಹಾಗೆ ಖುಷಿಪಟ್ಟರು.

ಮಂಚದ ಕೆಳಗಿನಿಂದ ಬೇಸ್ ತೆಗೆದುಕೊಟ್ಟರು. ಕಂದು ಬಣ್ಣ, ಅಲ್ಲಲ್ಲಿ ಎದ್ದ ವಾರ್ನಿಷ್, ಮೊಣಕೈ ಒರಗುವ ಜಾಗದಲ್ಲಿ ಬಿಳಿಚಿದ ಮರ. ಆಂಡರ್ಸನ್‌ಪೇಟೆಯ ಚರ್ಚಿನಲ್ಲಿ ನಲವತ್ತು ಕ್ರಿಸ್ಮಸ್ಸಿಗೆ ಹಾಡುವವರ ಹಿಂದೆ ನಿಂತು ಅದನ್ನು ಬಾರಿಸಿದ್ದರಂತೆ. ಒಂದು ವರ್ಷವೂ ತಪ್ಪಿಸಿಲ್ಲ, ಹೆಂಡತಿ ತೀರಿಕೊಂಡ ವರ್ಷವೂ ಸಹ.

“ಆ ಗರಗರ ಒಂದು ನಿಲ್ಸು ತಂಬಿ, ಸಾಕು. ಬೇರೆ ಏನೂ ಮುಟ್ಬೇಡ,” ಎಂದರು.

ಈ ಮಾತನ್ನು ಅವರು ಸ್ಪಷ್ಟವಾಗಿ ಹೇಳಿದರು, ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಆಮೇಲೆ ನಾನು ನನಗೇ ಹೇಳಿಕೊಂಡ ಸಮಾಧಾನಗಳಲ್ಲಿ ಈ ಮಾತಿಗೆ ಮಾತ್ರ ಜಾಗವಿರಲಿಲ್ಲ.

ಗರಗರ ನಿಲ್ಲಿಸುವುದು ಹತ್ತು ನಿಮಿಷದ ಕೆಲಸ. ವಾಲ್ಯೂಮಿನ ತಿರುಪಿಗೆ ದೂಳು ಹೊಕ್ಕಿತ್ತು, ಬಿಚ್ಚಿ ಒರೆಸಿ ಹೊಸ ಬೆಸುಗೆ ಹಾಕಿದರೆ ಮುಗಿಯಿತು. ಬಿಚ್ಚಿದವನು ಅಷ್ಟಕ್ಕೆ ನಿಲ್ಲಲಿಲ್ಲ. ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ, ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಸುತ್ತಿದ ಕಾಯಿಲ್. ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದು ಅದೇ. ಇವರದನ್ನು ಎತ್ತಿ ನೋಡಿದೆ. ಎರಡು ವರ್ಷದಿಂದ ನಾನು ಹುಡುಕುತ್ತಿದ್ದ ಪಿಕಪ್ ಅದು. ನನ್ನ ಹತ್ತಿರ ಅದೇ ಕಾಲದ, ಅದೇ ಜಾತಿಯ ಕಪ್ಪು ಬೇಸೊಂದು ಪಿಕಪ್ ಇಲ್ಲದೆ ಬಿದ್ದಿತ್ತು. ಹೊಸೂರಿನವನೊಬ್ಬ ಅದಕ್ಕೆ ಅಸಲಿ ಪಿಕಪ್ ಹಾಕಿ ಕೊಟ್ಟರೆ ತನ್ನ ಹತ್ತಿರವಿದ್ದ ಕೆಂಪು ಬೇಸನ್ನು ಬದಲಿಗೆ ಕೊಡುತ್ತೇನೆ ಎಂದು ಹೇಳಿದ್ದ. ಆ ಕೆಂಪು ಬೇಸಿನ ಫೋಟೋ ನನ್ನ ಫೋನಿನಲ್ಲಿ ಎರಡು ವರ್ಷದಿಂದ ಇತ್ತು. ದಿನಕ್ಕೊಂದು ಸಲವಾದರೂ ತೆಗೆದು ನೋಡುತ್ತಿದ್ದೆ.

ನಾನು ತಂತಿ ಸುತ್ತುವವನಲ್ಲವೇ. ನಾನೇ ಒಂದು ಪಿಕಪ್ ಸುತ್ತಿ ಇವರದಕ್ಕೆ ಹಾಕಿದೆ. ಹಳೆಯದಕ್ಕಿಂತ ಜೋರಾಗಿ ಕೇಳುತ್ತದೆ, ತಾತನಿಗೇ ಲಾಭ ಅಂದುಕೊಂಡೆ. ಕದಿಯುವಾಗ ಮನುಷ್ಯ ಎಷ್ಟು ಉದಾರಿಯಾಗುತ್ತಾನೆ ನೋಡಿ. ಆ ಉದಾರತೆಯಲ್ಲೇ ಇನ್ನೂ ಮುಂದಕ್ಕೆ ಹೋದೆ. ಪಾಪ, ಮುದುಕರ ಬೇಸ್, ಹಬ್ಬಕ್ಕೆ ಹೊಸದರ ಹಾಗೆ ಮಾಡಿಕೊಡೋಣ ಎಂದು ಕತ್ತನ್ನು ಬಿಚ್ಚಿ ಉಪ್ಪುಕಾಗದ ಹಿಡಿದು ಕೂತೆ.

ಕತ್ತಿನ ಹಿಂಬದಿಯಲ್ಲಿ, ಹೆಬ್ಬೆರಳು ಓಡಾಡುವ ಜಾಗದಲ್ಲಿ, ಕಚ್ಚುಗಳಿದ್ದವು. ಚಿಕ್ಕವು, ಚಾಕುವಿನಲ್ಲಿ ಕೆತ್ತಿದಂಥವು. ಹನ್ನೊಂದು ಜಾಗದಲ್ಲಿ. ಕೆಲವು ಕಡೆ ಒಂಟಿ, ಮೂರು ಕಡೆ ಜೋಡಿ. ಇಲಿ ಕಡಿದಿದೆಯೋ, ಯಾವನೋ ಅವಿವೇಕಿ ಗೀರಿದ್ದಾನೋ ಎಂದು ಬೈದುಕೊಂಡೆ. ಇಲಿ ಎಲ್ಲಾದರೂ ಲೆಕ್ಕ ಹಾಕಿ ಜೋಡಿಜೋಡಿಯಾಗಿ ಕಡಿಯುತ್ತದೆಯೇ ಎಂದು ಯೋಚಿಸಲಿಲ್ಲ. ಕಣ್ಣು ಕಾಣದವರು ಇದನ್ನು ಬಾರಿಸುತ್ತಾರೆ ಎಂಬುದೂ ತಲೆಗೆ ಬರಲಿಲ್ಲ. ಕೆಡುಕಿದೆ, ಮುಚ್ಚಬೇಕು, ಅಷ್ಟೇ ನನಗೆ ಕಂಡದ್ದು. ಆ ಕತ್ತಿನದೇ ಹುಡಿಯನ್ನು ಗೋಂದಿನಲ್ಲಿ ಕಲಸಿ ಒಂದೊಂದನ್ನೂ ತುಂಬಿದೆ. ಮಳೆಗೆ ಗೋಂದು ಹಿಡಿಯುತ್ತಿರಲಿಲ್ಲ, ಅಂಗಡಿಯ ಬಲ್ಬಿನ ಕೆಳಗಿಟ್ಟು ಒಣಗಿಸಿದೆ. ಬಣ್ಣ ಕೂಡಲಿಲ್ಲವೆಂದು ಟೀ ಡಿಕಾಕ್ಷನ್ ಬಳಿದು ಬಳಿದು ಕೂಡಿಸಿದೆ. ಮೂರು ಭಾನುವಾರ ಹಿಡಿಯಿತು.

“ಅಲ್ಲಾ, ಯಾರ್ದೋ ಸಾಮಾನಿಗೆ ಇಷ್ಟೊಂದು ಸಿಂಗಾರ ಮಾಡ್ತಿದ್ದೀರಲ್ಲ, ಅವ್ರು ಕೇಳಿದ್ರಾ?” ಎಂದಳು ಮಂಜುಳ, ಒಣಗಿಸಿದ್ದ ಬಟ್ಟೆಯ ಮೇಲೆಲ್ಲ ಮರದ ಹುಡಿ ಕೂತಿದ್ದ ಸಿಟ್ಟಿಗೆ.

“ಕೇಳ್ದಿದ್ರೂ ಮಾಡ್ಕೊಡೋದೇ ಕೈಗುಣ ಅನ್ನೋದು ಕಣೇ,” ಎಂದೆ.

ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಕತ್ತಿನ ಉದ್ದಕ್ಕೂ ಎಳೆದು ನೋಡಿದೆ. ಎಲ್ಲೂ ಒಂದು ತಡೆ ಇರಲಿಲ್ಲ. ಫೋಟೋ ತೆಗೆದು ಗುಂಪಿಗೆ ಹಾಕಿದೆ. ಚಪ್ಪಾಳೆ ಬಂತು.

ಡಿಸೆಂಬರಿನ ಎರಡನೇ ವಾರ ಮಳೆ ಬಿಟ್ಟು ಚಳಿ ಗಾಳಿ ಶುರುವಾಗಿತ್ತು. ಕಪ್ಪು ಬೇಸಿಗೆ ಅವರ ಪಿಕಪ್ ಹಾಕಿ ಹೊಸೂರಿಗೆ ಕಳಿಸಿ ಎರಡು ದಿನವಾಗಿತ್ತು, ಕೆಂಪು ಬೇಸ್ ನನ್ನ ಮನೆಗೆ ಬಂದಿತ್ತು. ಆ ಖುಷಿಯಲ್ಲೇ ಅರುಳಪ್ಪನವರ ಬೇಸನ್ನು ಹೊತ್ತು ನಂದಿದುರ್ಗಕ್ಕೆ ಹೋದೆ. ಸ್ಟೆಲ್ಲಾ ಅಂಗಡಿಗೆ ಹೋಗಿದ್ದಳು. ಅವರು ಬೇಸನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ತಿರುಪು ತಿರುಗಿಸಿದರು. ಗರಗರ ಇರಲಿಲ್ಲ. “ಶಭಾಷ್!” ಎಂದರು. ಆಮೇಲೆ ಎಡಗೈ ಕತ್ತಿಗೆ ಹೋಯಿತು. ಹೆಬ್ಬೆರಳು ಮೇಲಿನಿಂದ ಕೆಳಕ್ಕೆ ಬಂತು. ಮತ್ತೆ ಮೇಲಕ್ಕೆ ಹೋಯಿತು. ಮತ್ತೆ ಕೆಳಕ್ಕೆ.

“ತಂಬಿ, ಇಲ್ಲಿ ಕಚ್ಚು ಇತ್ತಲ್ಲ?”

ನಾನು ಬೇಸಿನ ಖಾಲಿ ಚೀಲ ಮಡಿಸತೊಡಗಿದೆ.

“ನಾನೇ ಕುಯ್ದಿದ್ದು. ಗಣಿಯೊಳ್ಗೆ ನಮ್ ಗ್ಯಾಂಗು ಕಂಬಕ್ಕೆಲ್ಲಾ ಕಚ್ಚು ಆಕ್ತಿತ್ತು. ದೀಪ ಓದ್ರೆ ಕೈಲಿ ತಡವ್ಕೊಂಡ್ ಬರ್ಬೋದು. ಒಂಟಿ ಕಚ್ಚು ಇದ್ರೆ ನಡೀತಾ ಇರು ಅಂತ, ಜೋಡಿ ಇದ್ರೆ ಅಲ್ಲಿ ತಿರುಗು ಅಂತ. ಕಣ್ಣು ಓದ್ಮೇಲೆ ಇದಕ್ಕೂ ಅಂಗೇ ಆಕ್ಕೊಂಡೆ, ಕೈ ಎಲ್ಲೆಲ್ಲಿ ನಿಲ್ಬೇಕು ಅಂತ. ಎಲ್ಲಿ ತಂಬಿ ಅವು?”

ಆಗ ನನಗೆ ಎಲ್ಲ ಅರ್ಥವಾಯಿತು. ತಪ್ಪಾಯ್ತು ತಾತ, ಗೊತ್ತಾಗದೆ ಮುಚ್ಚಿಬಿಟ್ಟೆ ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಇನ್ನೇನು ಮುಟ್ಟಿದ್ದೀಯ ಎಂದು ಕೇಳುತ್ತಾರೆ. ಪಿಕಪ್ ಹೊಸೂರಿನಲ್ಲಿದೆ. ಕೆಂಪು ಬೇಸ್ ನನ್ನ ಮನೆಯ ಗೋಡೆಯ ಮೇಲಿದೆ.

“ಇಲ್ಲ ತಾತ, ಏನೂ ಇರಲಿಲ್ಲ. ಮೊದ್ಲಿಂದ ನುಣ್ಣಗೇ ಇತ್ತು,” ಎಂದೆ.

ಅವರು ನನ್ನ ದನಿ ಬಂದ ಕಡೆಗೆ ಮುಖ ಮಾಡಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ದಿದ್ದರೆ ಬದುಕುತ್ತಿದ್ದೆ. ಅವರು ಮೆಲ್ಲಗೆ ತಲೆ ಕೆರೆದುಕೊಂಡರು.

“ಇರ್ಲಿಲ್ವಾ? ಹನ್ನೊಂದು ಇತ್ತಲ್ಲಪ್ಪಾ... ಇಲ್ಲ, ಇಲ್ಲ, ಅದು ಬೇರೆ ಗಿಟಾರೇನೋ. ಮುಂಚೆ ಇನ್ನೊಂದು ಇತ್ತೇನೋ ನನ್ನತ್ರ. ಇತ್ತಾ?”

ನನ್ನನ್ನೇ ಕೇಳುತ್ತಿದ್ದರು. “ಇರಬಹುದು ತಾತ,” ಎಂದೆ. ಮೊದಲನೆಯದು ಹೆದರಿಕೆಯ ಸುಳ್ಳು ಎಂದಾದರೂ ಹೇಳಬಹುದು. ಎರಡನೆಯದಕ್ಕೆ ನನ್ನಲ್ಲಿ ಯಾವ ಹೆಸರೂ ಇಲ್ಲ. ಅವತ್ತು ಅವರು ಟೀ ಮಾಡುತ್ತೇನೆ ಎನ್ನಲಿಲ್ಲ, ಬೆಂಚಿನ ಮೇಲೆ ಹಾಗೇ ಕೂತಿದ್ದರು. ನಾನು ರೈಲಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಕ್ರಿಸ್ಮಸ್ ಬೆಳಗಿನ ಪೂಜೆಗೆ ಬರಲೇಬೇಕೆಂದು ಸ್ಟೆಲ್ಲಾ ಫೋನ್ ಮಾಡಿದ್ದಳು. ಹೋಗದಿದ್ದರೆ ಅನುಮಾನ ಬರುತ್ತದೆ ಎಂಬ ಭಯಕ್ಕೆ ಹೋದೆ. ಚರ್ಚಿನ ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತೆ. ಅರುಳಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಹಾಡುವವರ ಹಿಂದೆ ನಿಂತಿದ್ದರು. ಮೊದಲ ಹಾಡು ಸರಿಯಾಗಿಯೇ ಹೋಯಿತು. ಎರಡನೆಯದರ ಮಧ್ಯದಲ್ಲಿ ಕೈ ಕೆಳಗಿನಿಂದ ಮೇಲಕ್ಕೆ ದೂರ ಜಿಗಿಯಬೇಕು. ಜಿಗಿಯುವ ಮುಂಚೆ ಅವರ ಹೆಬ್ಬೆರಳು ಕತ್ತಿನ ಮೇಲೆ ಏನನ್ನೋ ಹುಡುಕಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ಬೆರಳು ಒಂದು ಸ್ವರದ ಮನೆ ಆಚೆ ಬಿತ್ತು. ದಪ್ಪ ತಂತಿಯ ಅಪಸ್ವರ, ಅದೂ ನಾನು ಸುತ್ತಿದ ಪಿಕಪ್ಪಿನಲ್ಲಿ, ಚರ್ಚಿನ ತುಂಬ ಕೇಳಿಸಿತು. ಹಾಡುವ ಹುಡುಗಿಯರು ತಡವರಿಸಿ ಹಿಂತಿರುಗಿ ನೋಡಿದರು. ಅವರು ಮತ್ತೊಮ್ಮೆ ಪ್ರಯತ್ನಪಟ್ಟು, ಮತ್ತೆ ತಪ್ಪಿ, ಅಂಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿ ಇಟ್ಟು ಸದ್ದು ನಿಲ್ಲಿಸಿದರು. ಹಾಡು ಕೀಬೋರ್ಡಿನ ಜೊತೆ ಮುಂದುವರಿಯಿತು. ಪೂಜೆ ಮುಗಿಯುವವರೆಗೂ ಅವರು ಹಾಗೇ, ತಂತಿಯ ಮೇಲೆ ಕೈಯಿಟ್ಟು ನಿಂತಿದ್ದರು.

ಹೊರಗೆ ಮರದ ಕೆಳಗೆ ಕೇಕು ಹಂಚುತ್ತಿದ್ದರು. ಸ್ಟೆಲ್ಲಾ ನನ್ನ ಕೈಗೂ ಒಂದು ತುಂಡು ಕೊಟ್ಟಳು. ಬೇಸ್ ಹಾಳುಮಾಡಿದ್ದೀಯಾ ಎಂದು ಯಾರಾದರೂ ಕೇಳುತ್ತಾರೇನೋ ಎಂದು ಕಾದೆ. ಅರುಳಪ್ಪನವರು ನನ್ನ ತೋಳು ಹುಡುಕಿ ಹಿಡಿದುಕೊಂಡರು.

“ನಿನ್ ಕೆಲ್ಸ ಚೆನ್ನಾಗೈತೆ ತಂಬಿ, ಗರಗರ ಬರ್ಲಿಲ್ಲ. ನನ್ ಕೈದೂ ತಪ್ಪಿಲ್ಲ. ತಲೆ ಓಯ್ತು ನೋಡು. ಇಲ್ದಿರೋ ಕಚ್ಚು ಇತ್ತು ಇತ್ತು ಅಂತ ಕೈ ಉಡುಕ್ತೈತೆ.”

“ಎರಡ್ ವಾರದಿಂದ ಇದೇ ಮಾತು ಅಣ್ಣಾ,” ಎಂದಳು ಸ್ಟೆಲ್ಲಾ ತಗ್ಗಿದ ದನಿಯಲ್ಲಿ. “ಇನ್ನೊಂದು ಗಿಟಾರಿತ್ತಾ ಅಂತ ಕೇಳ್ತಾರೆ. ಯಾವತ್ತೂ ಇರ್ಲಿಲ್ಲ. ಅಪ್ಪನ್ ಸಾಮಾನು ನಾನ್ ಮುಟ್ದೋಳೇ ಅಲ್ಲ, ಈಗ್ ತೆಗ್ದು ನೋಡಿದ್ರೆ ನುಣ್ಣಗೈತೆ. ಮರೆವು ಶುರುವಾಯ್ತೇನೋ.”

ನನ್ನ ಬಾಯಲ್ಲಿ ಕೇಕಿತ್ತು. ಜಗಿದು ನುಂಗಿದೆ. ಮಾತಾಡದಿರುವುದಕ್ಕೆ ಅಷ್ಟು ಸಾಕಾಯಿತು.

ಸಂಕ್ರಾಂತಿಯ ಹೊತ್ತಿಗೆ ಸ್ಟೆಲ್ಲಾ ಬೇಸನ್ನು ತಂದು ನನ್ನ ಅಂಗಡಿಯಲ್ಲಿ ಇಟ್ಟಳು. ಅಪ್ಪ ಇನ್ನು ಬಾರಿಸುವುದಿಲ್ಲವಂತೆ, ಒಳ್ಳೇ ಕೈಗೆ ಹೋಗಲಿ, ಆ ಬಂಗಾರಪೇಟೆ ತಂಬಿಗೆ ಕೊಡು ಅಂದರಂತೆ. ಬದಲಿಗೆ ಏನೂ ಕೇಳಬೇಡ ಎಂದೂ ಹೇಳಿದ್ದರಂತೆ. ನಾನು ತೆಗೆದುಕೊಂಡೆ. ಹೌದು, ತೆಗೆದುಕೊಂಡೆ. ಬೇಡ ಅನ್ನುವುದಕ್ಕೆ ಕಾರಣ ಹೇಳಬೇಕಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಕೊರೋನಾ ಬಂತು, ರೈಲು ನಿಂತಿತು, ನನಗೆ ಒಳ್ಳೆಯ ನೆಪ ಸಿಕ್ಕಿತು. ರೈಲು ಮತ್ತೆ ಶುರುವಾದ ಮೇಲೆ ಕೆಲಸ ಜಾಸ್ತಿ ಎಂಬ ನೆಪ. ಕೆಂಪು ಬೇಸ್ ಹಿಡಿದು ಎಷ್ಟೋ ಮದುವೆಗಳಲ್ಲಿ ಬಾರಿಸಿದೆ, ಒಂದು ಸಲವೂ ಮನಸ್ಸಿಗೆ ಹಿತವಾಗಲಿಲ್ಲ. ಕೊನೆಗೆ ಹೊಸೂರಿನವನಿಗೆ ಅದನ್ನು ವಾಪಸ್ ಕೊಟ್ಟು, ಕದ್ದ ಪಿಕಪ್ಪನ್ನು ಮಾತ್ರ ಬೇಡಿಕೊಂಡು ತಂದು ಅರುಳಪ್ಪನವರ ಬೇಸಿಗೆ ಹಾಕಿದೆ. ಹೊಸೂರಿನವನು ನನಗೆ ಹುಚ್ಚು ಹಿಡಿದಿದೆ ಅಂದುಕೊಂಡ. ಕಚ್ಚುಗಳನ್ನೂ ಮತ್ತೆ ಕುಯ್ಯೋಣವೆಂದು ಚಾಕು ಹಿಡಿದು ಕೂತೆ. ಎಲ್ಲಿ ಅಂತ ಕುಯ್ಯುವುದು? ಭೂತಗನ್ನಡಿ ಹಿಡಿದು ಹುಡುಕಿದರೂ ಒಂದರ ಗುರುತೂ ಸಿಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು, ಅದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ.

ಬಡಗಿ ಬಂದುಹೋದ ಮೇಲಿನ ಭಾನುವಾರ ಬೇಸನ್ನು ಹೆಗಲಿಗೇರಿಸಿಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ಮಂಜುಳಳಿಗೆ ಎಲ್ಲವನ್ನೂ ಹೇಳಿಯೇ ಹೊರಟಿದ್ದೆ. ಅವಳು ಬೈಯಲಿಲ್ಲ, “ಓಗ್ಬನ್ನಿ” ಎಂದಷ್ಟೇ ಅಂದಳು.

ಅರುಳಪ್ಪನವರು ಅದೇ ಬೆಂಚಿನ ಮೇಲಿದ್ದರು, ಇನ್ನೂ ಒಣಗಿ ಚಿಕ್ಕವರಾಗಿದ್ದರು. ಈಗ ನೆರಳೂ ಕಾಣುವುದಿಲ್ಲವಂತೆ. ಸ್ಟೆಲ್ಲಾ ಒಳಗೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಕುಶಲ ಕೇಳಲಿಲ್ಲ. ಕೇಳಿದರೆ ಮತ್ತೆ ಅದರ ಹಿಂದೆ ಅಡಗಿಕೊಳ್ಳುತ್ತೇನೆ ಎಂದು ಗೊತ್ತಿತ್ತು.

“ತಾತ, ಬಂಗಾರಪೇಟೆಯೋನು. ನಿಮ್ ಬೇಸಲ್ಲಿ ಕಚ್ಚು ಇತ್ತು. ನಾನೇ ಮುಚ್ದೆ. ಅವತ್ತು ಇರಲಿಲ್ಲ ಅಂತ ಸುಳ್ ಏಳ್ದೆ. ಅದ್ರೊಳಗಿನ ಪಿಕಪ್ಪನ್ನೂ ಕದ್ದಿದ್ದೆ.”

ಒಳಗೆ ಸೊಪ್ಪು ಬಿಡಿಸುವ ಸದ್ದು ನಿಂತಿತು. ಅವರು ಮಾತ್ರ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿದರು.

“ಎಷ್ಟಿತ್ತು?”

“ಹನ್ನೊಂದು ತಾತ.”

“ಜೋಡಿ?”

“ಮೂರ್ ಕಡೆ.”

ಅವರು ಬೆರಳು ಮಡಿಸಿ ಎಣಿಸಿದರು. ಆಮೇಲೆ ತೊಡೆಗೆ ಫಟ್ಟನೆ ಹೊಡೆದುಕೊಂಡು ಜೋರಾಗಿ ನಗತೊಡಗಿದರು. ನಗುವಿನ ನಡುವೆ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಸ್ಟೆಲ್ಲಾ! ಇಂಗೆ ವಾಮ್ಮಾ! ಕೇಳ್ದ್ಯಾ? ಇತ್ತಂತೆ! ಹನ್ನೊಂದೇ ಇತ್ತಂತೆ! ನನ್ ತಲೆ ಸರಿಯಾಗೇ ಐತೆ ಕಣಮ್ಮಾ!”

ನಾನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ, ಹೊಡೆದರೂ ಹೊಡೆಸಿಕೊಳ್ಳೋಣ ಅಂದುಕೊಂಡಿದ್ದೆ. ಈ ಸಂತೋಷಕ್ಕೆ ಸಿದ್ಧನಾಗಿರಲಿಲ್ಲ. ನಾನೇ ಏನೋ ಕೊಟ್ಟೆ ಎಂಬ ಹಾಗೆ ಅವರು ನನ್ನ ಕೈ ಹಿಡಿದು ಅಲ್ಲಾಡಿಸುತ್ತಿದ್ದರು. ಕದ್ದವನು ಆರು ವರ್ಷದ ಮೇಲೆ ವಾಪಸ್ ತಂದಿಟ್ಟರೆ ಅದು ಉಡುಗೊರೆಯೇ?

“ಪಿಕಪ್ಪು ವಾಪಸ್ ಆಕಿದ್ದೀನಿ ತಾತ. ಕಚ್ಚು ಎಲ್ಲೆಲ್ಲಿ ಅಂತ ನೀವ್ ತೋರಿಸಿದ್ರೆ...”

“ಅದೆಲ್ಲಾ ಆಮೇಲೆ ನೋಡಣ ಇರಪ್ಪಾ,” ಎಂದು ಬೇಸನ್ನು ಮುಟ್ಟಿಯೂ ನೋಡದೆ ಗೋಡೆಗೆ ಸರಿಸಿದರು.

ಸ್ಟೆಲ್ಲಾ ಬಾಗಿಲಲ್ಲಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

“ಆ ಕ್ರಿಸ್ಮಸ್ ಆದ್ಮೇಲೆ ಒಬ್ರನ್ನೇ ಬೀದಿಗೆ ಬಿಟ್ಟಿಲ್ಲ ನಾನು,” ಎಂದಳು. ದನಿ ಏರಿಸಲಿಲ್ಲ. “ಮರೆವು ಅಂತ. ಬೀಗದ ಕೈ ಕಿತ್ಕೊಂಡೆ. ಏನ್ ಏಳಿದ್ರೂ, ಸುಮ್ನಿರಿ ಅಪ್ಪಾ, ನಿಮಗ್ ನೆನಪಿಲ್ಲ ಅಂತಿದ್ದೆ. ಎಲ್ಲಾದ್ರೂ ಮರ್ತು ಮನೆ ಸುಟ್ಟಾಕ್ತಾರೆ ಅಂತ ಆರು ವರ್ಷದಿಂದ ಒಲೆ ಮುಟ್ಟೋಕ್ ಬಿಟ್ಟಿಲ್ಲ. ಅವ್ರೂ ಸುಮ್ನೆ ಕೇಳ್ಕೊಂಡ್ ಕೂತ್ರು. ನಿಮಗೊಬ್ರಿಗೇ ಗೊತ್ತಿತ್ತು ಅಣ್ಣಾ.”

ತಪ್ಪಾಯ್ತಮ್ಮಾ ಎಂದೆ. ಆ ಮಾತು ಬಾಯಿಂದ ಬರುವಾಗಲೇ ಎಷ್ಟು ಸಣ್ಣದೆಂದು ನನಗೇ ಕೇಳಿಸಿತು.

ಅರುಳಪ್ಪನವರು ಗೋಡೆ ಹಿಡಿದು ಎದ್ದು ನಿಂತರು.

“ಕೂತ್ಕೊ ತಂಬಿ. ಟೀ ಮಾಡ್ತೀನಿ.”

ಸ್ಟೆಲ್ಲಾಳ ಕೈ ತಡೆಯಲು ತಾನಾಗಿಯೇ ಮುಂದೆ ಹೋಯಿತು. ಅರ್ಧದಲ್ಲಿ ನಿಂತಿತು. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು. ಒಳಗಿನಿಂದ ಬೆಂಕಿಕಡ್ಡಿ ಗೀರಿದ ಸದ್ದು ಬಂತು. ಹಲಗೆಯ ಮೇಲೆ ಡಬ್ಬಿಗಳು ಜಾಗ ಬದಲಾಯಿಸಿದ್ದವೋ ಏನೋ, ಒಂದನ್ನು ತೆಗೆದು ಮೂಸಿ ಇಟ್ಟರು, ಇನ್ನೊಂದನ್ನು ತೆಗೆದರು. ಶುಂಠಿ ಜಜ್ಜಿದ ವಾಸನೆ ಬಂತು. ಸ್ಟೆಲ್ಲಾ ಬಾಗಿಲಿಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೇ ನೋಡುತ್ತಾ ನಿಂತಿದ್ದಳು.

ಮೂರು ಲೋಟ ತಂದರು. ನನ್ನದನ್ನು ಕೈಗೆ ಕೊಡುವಾಗ ಅವರ ಹೆಬ್ಬೆರಳಿನ ಉಗುರು ಒದ್ದೆಯಾಗಿತ್ತು.

“ಸಕ್ಕರೆ ಸರಿಯಾಗೈತಾ ತಂಬಿ?” ಎಂದು ಕೇಳಿದರು.

ಸರಿಯಾಗಿತ್ತು. ಒಂದು ಹನಿ ಆಚೆ ಚೆಲ್ಲಿರಲಿಲ್ಲ. ಸರಿಯಾಗಿದೆ ತಾತ ಎಂದು ಹೇಳಿದೆ, ಆ ಮನೆಯಲ್ಲಿ ನನ್ನ ಮಾತನ್ನು ಅವರು ಈಗಲೂ ನಂಬಿದರು. ಆ ಟೀಯನ್ನು ಕುಡಿದು ಮುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು.